ಅರ್ಜಿ ತಿರುಗಿ ಅದೇ ಟೇಬಲ್‌ಗೆ ಬರಬಾರ್ದಂದ್ರ ಏನ್ ಮಾಡ್ಬೇಕು

ಪುಸ್ತಕ ಓದಿ ಹೇಳ್ಲಕತ್ತಿಲ್ರಿ, ಕೈ ಸುಟ್ಕೊಂಡು ಹೇಳ್ಲಕತ್ತೀನಿ. ಅಪ್ಪ ತೀರ್ಕೊಂಡ ಮ್ಯಾಲ ನಾಲ್ಕೆಕರೆ ತೊಗರಿ ಹೊಲ ಅವ್ವನ ಹೆಸರಿಗೆ ಮಾಡ್ಸೋದಿತ್ತು, ಫೌತಿ ಖಾತೆ ಅಂತಾರಲ್ಲ ಅದು. ನಮ್ ಕಲಬುರಗಿ ಜಿಲ್ಲಾದಾಗಿನ ಒಂದು ಆಫೀಸು, ಯಾವ್ದು ಅಂತ ಹೇಳಂಗಿಲ್ಲ, ಹೇಳಿದ್ರ ಎಲ್ಲಾರಿಗೂ ತಮ್ ತಾಲೂಕಿಂದೇ ಅನ್ಸ್ತದ. ಮೂರು ಸಲ ಓಡಾಡ್ಸಿದ ಮ್ಯಾಲ ಅಲ್ಲಿ ಒಬ್ಬಾತ "ಫೈಲ್ ಭಾಳ ಹಗುರ ಅದ ರೀ, ಫ್ಯಾನ್ ಗಾಳಿಗಿ ಹಾರಿ ಹೋಗ್ತದ, ಜರಾ ವಜನ ಇಡ್ರಿ" ಅಂದ. ವಜನ ಅಂದ್ರ ಆರು ಸಾವಿರ.

ನನಗ ಸಿಟ್ಟು ನೆತ್ತಿಗೇರ್ತು. ಆಫೀಸ್ ಹೊರಗ ಛತ್ರಿ ಹಾಕ್ಕೊಂಡು ಕುಂತಿರ್ತಾರಲ್ಲ ಟೈಪಿಂಗ್‌ನವ್ರು, ಅವ್ರ ಕಡಿ ಮೂರು ಪೇಜ್ ದೂರು ಹೊಡ್ಸಿ, ಭ್ರಷ್ಟಾಚಾರ ತಾಂಡವ ಆಡ್ತದ, ನ್ಯಾಯ ಕೊಡ್ಸ್ರಿ, ಹಂಗ ಹಿಂಗ ಅಂತ ಎಲ್ಲಾ ಬರ್ಸಿ, ಐದು ಝೆರಾಕ್ಸ್ ತೆಗ್ಸಿ ಐದು ಕಡಿ ಪೋಸ್ಟ್ ಮಾಡ್ದೆ. ಎರಡೂವರೆ ತಿಂಗಳಿಗೆ ಮನಿಗಿ ಕವರ್ ಬರ್ಲಿಕ್ಕ ಶುರು ಆದ್ವು. ಎಲ್ಲಾದ್ರಾಗೂ ಒಂದೇ ಸಾಲು, "ನಿಯಮಾನುಸಾರ ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ". ಯಾರಿಗೆ ಕಳ್ಸ್ಯಾರ ಅಂತ ನೋಡ್ಕೋತ ಹೋದ್ರ ಮ್ಯಾಲಿಂದ ಕೆಳಗ ಮೆಟ್ಲ ಇಳ್ದು ಇಳ್ದು ಕಡೀಗಿ ಅದೇ ಆಫೀಸು. ಒಂದಿನ ಅದೇ ಮನುಷ್ಯಾ ಫೋನ್ ಹಚ್ಚಿ "ಸರ್ ನಿಮ್ ಅರ್ಜಿ ಬಂದಾವ ನೋಡ್ರಿ, ಐದೂ ನನ್ ಟೇಬಲ್ ಮ್ಯಾಲೇ ಅವ" ಅಂತ ನಕ್ಕ.

ನಮ್ ಪರಿಚಯದ ಒಬ್ರು ರಿಟೈರ್ಡ್ ಶಿರಸ್ತೇದಾರ್ ಕಾಕಾ ಅವ್ರು ಇದನ್ನ ಕೇಳಿ "ತಮ್ಮಾ, ನೀ ಐದು ಬಾಗ್ಲ ಬಡ್ದಿ, ಆದ್ರ ಐದೂ ತಪ್ಪು ಬಾಗ್ಲ" ಅಂದ್ರು. ಅವತ್ತಿಂದ ಯಾರೇ ಬಂದು ಕೇಳಿದ್ರೂ ನಾ ಮೊದ್ಲ ಕೇಳೋದು ಒಂದೇ, ನಿಮ್ ತಕರಾರು ಏನು? ಕೆಲಸ ತಡ ಮಾಡ್ಲಕತ್ತಾರ? ರೊಕ್ಕ ಕೇಳ್ಯಾರ? ಇಲ್ಲಾ ಊರಿನ ರೊಕ್ಕ ತಿಂದಾರ? ಈ ಮೂರಕ್ಕೂ ಬಾಗ್ಲ ಬ್ಯಾರೆ ಬ್ಯಾರೆ, ಒಂದ್ರದ್ದು ಒಯ್ದು ಇನ್ನೊಂದ್ರಾಗ ಹಾಕಿದ್ರ ಅದು ಬರೇ ಟಪಾಲು ಆಗ್ತದ.

ಬರೇ ತಡ ಅಂದ್ರ ಸಕಾಲ ಸಾಕು. ಸರ್ಕಾರಿ ಕೆಲಸ ಇಷ್ಟೇ ದಿನದಾಗ ಮಾಡಿ ಕೊಡ್ಬೇಕು ಅನ್ನೋ 2011ರ ಕಾಯ್ದೆ ಇದು, 2012ರ ಏಪ್ರಿಲ್ 2ಕ್ಕ ರಾಜ್ಯದ ತುಂಬಾ ಬಂತು, ಅದಕ್ಕಿಂತ ಮುಂಚೆ ನಾಲ್ಕು ತಾಲೂಕಿನಾಗ ಟ್ರಯಲ್ ಮಾಡಿದ್ರು, ಅದ್ರಾಗ ಒಂದು ನಮ್ ಬೀದರ್ ಜಿಲ್ಲಾದ ಔರಾದ್. ಹೌದ್ರಿ, ಔರಾದ್, ಎಲ್ಲಾರೂ ಹಿಂದುಳಿದ ತಾಲೂಕು ಅಂತ ಬೈತಾರಲ್ಲ ಅದೇ. ಅರ್ಜಿ ಕೊಟ್ಟಾಗ 15 ಅಂಕಿ ನಂಬರ್ ಇರೋ ಸ್ಲಿಪ್ ಕೊಡ್ತಾರ, ಅದೇ ನಿಮ್ ಆಯುಧ. ಬಾಯಿಲೆ ಹೇಳಿ ಬರೋದು, ಪರಿಚಯದವ್ರ ಕೈಯಾಗ ಕಾಗದ ಕೊಟ್ಟು ಬರೋದು ಬಿಲ್ಕುಲ್ ಬ್ಯಾಡ, ಅಂಥ ಅರ್ಜಿಗೆ ತಾರೀಖೇ ಹುಟ್ಟಂಗಿಲ್ಲ, ತಾರೀಖಿಲ್ಲ ಅಂದ್ರ ತಡ ಆಗೇದ ಅಂತ ಯಾರಿಗೆ ಹೇಳ್ತೀರಿ? ಸ್ಲಿಪ್ ಮ್ಯಾಲಿನ ದಿನ ದಾಟಿದ್ರ ಅಥವಾ ಕಾರಣ ಇಲ್ದೆ ರಿಜೆಕ್ಟ್ ಮಾಡಿದ್ರ ಅಪೀಲ್ ಹಾಕ್ರಿ, ದಿನಕ್ಕ 20 ರೂಪಾಯಿ ಲೆಕ್ಕದಾಗ ಹೆಚ್ಚಂದ್ರ 500 ರೂಪಾಯಿ ಪರಿಹಾರ ಅದ. 500ಕ್ಕ ಏನ್ ಬರ್ತದ ಅಂತ ನಗಬ್ಯಾಡ್ರಿ, ಆ ರೊಕ್ಕ ತಡ ಮಾಡ್ದವ್ರ ಜೇಬಿನಿಂದ ಹೋಗ್ಬೇಕು, ಅದು ಅವ್ರಿಗಿ ಚುಚ್ಚೋದು ರೊಕ್ಕಕ್ಕಲ್ಲ, ದಾಖಲೆಕ್ಕ. ಸಹಾಯವಾಣಿ 080-44554455.

ಈಗ ಎರಡನೇದು, ರೊಕ್ಕ ಕೇಳ್ಯಾರ. ಇಲ್ಲಿ ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ರೊಕ್ಕ ಕೇಳಿದ ಕೂಡ್ಲೇ ಚೀರಾಡಿ, ಫೇಸ್‌ಬುಕ್ಕಿಗೆ ಹಾಕಿ, ಐದು ಕಡಿ ದೂರು ಬರ್ದ್ರಂದ್ರ ಆ ಮನುಷ್ಯಾ ಶಾಣ್ಯಾ ಆಗ್ತಾನ, ಮುಂದ ಜನ್ಮದಾಗ ನಿಮ್ ಮುಂದ ಬಾಯಿ ಬಿಡಂಗಿಲ್ಲ, ಟ್ರಾಪ್, ಅಂದ್ರ ಲಂಚ ತಗೊಳ್ಳೋವಾಗ ಕೈಯಾಗೇ ಹಿಡಿಯೋ ಬಲೆ, ಅಲ್ಲಿಗೇ ಸತ್ತಂಗ. ನನ್ ಕೇಸಿನಾಗ ಹಂಗೇ ಆತು. ಸುಮ್ನಿದ್ದು ಟೈಮ್ ತಗೋರಿ. "ಈಗ ಕೈಯಾಗ ಇಲ್ರಿ ಸಾಹೇಬ್ರ, ತೊಗರಿ ಮಾರಿದ ಮ್ಯಾಲ ನೋಡಾಮು" ಅನ್ರಿ, ನಮ್ ಕಡಿ ಈ ಮಾತಿಗೆ ಯಾರೂ ಅನುಮಾನ ಪಡಂಗಿಲ್ಲ. ಹಂಗಂದು ಸೀದಾ ಲೋಕಾಯುಕ್ತ ಪೊಲೀಸ್ ಠಾಣೆಗಿ ಹೋಗ್ರಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರದಾಗ ಅದ, ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತೋದು ಬೇಕಾಗಿಲ್ಲ.

ಇನ್ನೂ ಭಾಳ ಮಂದಿ ಎಸಿಬಿಗಿ (ಭ್ರಷ್ಟಾಚಾರ ನಿಗ್ರಹ ದಳ) ಹೋಗ್ತೀನಿ ಅಂತಾರ. ಎಸಿಬಿ ಈಗ ಇಲ್ರಿ. 2016ರಾಗ ಮಾಡಿದ್ರು, ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ಅದಕ್ಕ ಕೊಟ್ರು, 2022ರ ಆಗಸ್ಟ್ 11ಕ್ಕ ಹೈಕೋರ್ಟ್ ಅದನ್ನ ರದ್ದು ಮಾಡಿ ಅಧಿಕಾರ ವಾಪಸ್ ಲೋಕಾಯುಕ್ತಕ್ಕೇ ಕೊಡ್ಸ್ತು.

ಟ್ರಾಪ್ ಹೆಂಗ ನಡೀತದ ಅನ್ನೋದು ಯಾದಗಿರಿ ಕಡಿಯ ನನ್ ಗೆಳೆಯ ಒಬ್ಬಾತ ದೂರುದಾರ ಆಗಿದ್ದ, ಅಂವಾ ಹೇಳಿದ್ದು, ಆಮ್ಯಾಲ ನಾನೂ ಓದಿ ತಾಳೆ ನೋಡೀನಿ. ನೀವು ದೂರು ಬರ್ದು ಕೊಡ್ತೀರಿ. ಅವ್ರು ನಿಮ್ ಮಾತು ಹಂಗೇ ನಂಬಂಗಿಲ್ಲ, ನಂಬಲೂಬಾರ್ದು, ಒಂದು ಸಣ್ಣ ವಾಯ್ಸ್ ರೆಕಾರ್ಡರ್ ಕೊಟ್ಟು ಇನ್ನೊಮ್ಮೆ ಹೋಗಿ ಮಾತಾಡ್ಸ್ಕೊಂಡ್ ಬಾ ಅಂತಾರ. ಅಲ್ಲಿ ಡಿಮಾಂಡ್ ಖರೆ ಅಂತ ಗೊತ್ತಾದ್ರ ಎಫ್‌ಐಆರ್ ಆಗ್ತದ. ಆಮ್ಯಾಲ ಬ್ಯಾರೆ ಇಲಾಖೆಯ ಇಬ್ರು ಸರ್ಕಾರಿ ನೌಕರರನ್ನ ಪಂಚರಂತ, ಅಂದ್ರ ಕಣ್ಣಾರೆ ನೋಡೋ ಸಾಕ್ಷಿದಾರರಂತ, ಕರೀತಾರ, ನೀವು ತಂದ ನೋಟಿನ ನಂಬರ್ ಎಲ್ಲಾ ಬರ್ಕೋತಾರ, ನೋಟಿಗಿ ಫಿನಾಫ್ತಲೀನ್ ಪುಡಿ ಸವರ್ತಾರ, ಕಣ್ಣಿಗಿ ಕಾಣಂಗಿಲ್ಲ ಅದು. ಪಂಚರಾಗ ಒಬ್ರು ನಿಮ್ ಜೋಡಿ ನೆರಳಿನಂಗ ಬರ್ತಾರ, ನಿಮ್ ತಮ್ಮ ಅನ್ನಂಗ. ಸಾಹೇಬ ರೊಕ್ಕ ಮುಟ್ಟಿದ ಮ್ಯಾಲ ನೀವು ಸನ್ನೆ ಕೊಡ್ಬೇಕು, ತಲಿ ಸವರ್ಕೊಳ್ಳೋದೋ, ಮಿಸ್ಡ್ ಕಾಲೋ. ಅವ್ರು ಬಂದು ಆತನ ಕೈ ಸೋಡಿಯಂ ಕಾರ್ಬೋನೇಟ್ ನೀರಾಗ ಅದ್ದಿಸ್ತಾರ, ನೀರು ಹೋಳಿ ಹುಣ್ಣಿವಿ ಬಣ್ಣದಂಗ ಗುಲಾಬಿ ಆಗ್ತದ. ಆ ನೀರನ್ನ ಬಾಟ್ಲಿಗಿ ಹಾಕಿ ಸೀಲ್ ಮಾಡ್ತಾರ. ನನ್ ಗೆಳೆಯ ಹೇಳ್ತಿದ್ದ, ಸಾಹೇಬ್ರ ಕೈಕಿಂತ ತನ್ ಕೈಯೇ ಜಾಸ್ತಿ ನಡುಗ್ತಿತ್ತು ಅಂತ.

ಇಲ್ಲಿ ಕೇಸ್ ನಿಲ್ಲೋದು ಬೀಳೋದು ಒಂದೇ ಜಾಗದಾಗ. ಗುಲಾಬಿ ನೀರು ಬಂತಂದ್ರ ಮುಗೀತು ಅಂತ ಎಲ್ಲಾರೂ ತಿಳ್ಕೊಂಡಾರ, ಮುಗಿಯಂಗಿಲ್ಲ. ರೊಕ್ಕ ಸಿಕ್ಕಿದ್ದಷ್ಟೇ ಸಾಲಂಗಿಲ್ಲ, ಆತ ಕೇಳಿದ್ದು ಸಾಬೀತಾಗ್ಬೇಕು ಅಂತ ಸುಪ್ರೀಂ ಕೋರ್ಟ್ 2014ರ ಬಿ. ಜಯರಾಜ್ ಕೇಸಿನಾಗ ಹೇಳೇದ. ಅದಕ್ಕ ನೀವು ಹೋಗಿ "ತಗೋರಿ ತಗೋರಿ" ಅಂತ ಜೇಬಿಗಿ ತುರುಕಬ್ಯಾಡ್ರಿ. "ಹೇಳಿದ್ರಲ್ಲ ಸಾಹೇಬ್ರ, ಎಷ್ಟಂದ್ರಿ?" ಅಂತ ಕೇಳಿ ಸುಮ್ನಾಗ್ರಿ, ಅಂಕಿ ಆತನ ಬಾಯಿಂದ್ಲೇ ಬರ್ಲಿ, ಯಾವ ಕೆಲಸಕ್ಕ ಅನ್ನೋದೂ ಆತನೇ ಹೇಳ್ಲಿ. ನಿಮ್ ಸ್ವಂತ ಫೋನಿನಾಗ ಮೊದ್ಲೇ ರೆಕಾರ್ಡ್ ಆಗಿದ್ರ ಅದನ್ನ ಕಟ್ ಮಾಡಬ್ಯಾಡ್ರಿ, ಫೋನ್ ಫಾರ್ಮ್ಯಾಟ್ ಮಾಡಬ್ಯಾಡ್ರಿ, ಎಕ್ಸ್‌ಚೇಂಜಿಗಿ ಕೊಡಬ್ಯಾಡ್ರಿ, ಮ್ಯಾಲಾಗಿ ಸ್ಟೇಟಸ್‌ಗೆ ಅಂತೂ ಹಾಕ್ಲೇಬ್ಯಾಡ್ರಿ. ಕೋರ್ಟಿಗಿ ಬರೋವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟ್ ಬೇಕಾಗ್ತದ, ಒರಿಜಿನಲ್ ಫೋನೇ ಇಲ್ಲ ಅಂದ್ರ ಅಲ್ಲಿ ತಕರಾರು ತಗೀತಾರ. ಇತ್ತೀಚಿಗಿ ರೊಕ್ಕ ಕೈಯಾಗ ಮುಟ್ಟಂಗಿಲ್ಲ, ಅಳಿಯನ ನಂಬರಿಗಿ ಫೋನ್‌ಪೇ ಮಾಡ್ರಿ ಅಂತಾರ, ಹಂಗಿದ್ರ ಆ ನಂಬರ್ ಕಳ್ಸಿದ ಮೆಸೇಜ್ ಹಂಗೇ ಇಟ್ಕೊಂಡ್ ಹೋಗ್ರಿ, ಬ್ಯಾಂಕ್ ಎಂಟ್ರಿ ಸುಳ್ಳು ಹೇಳಂಗಿಲ್ಲ.

ಮೊದ್ಲೇ ಕೊಟ್ಟುಬಿಟ್ಟೀವಿ ರೀ, ಈಗ ನಾವೂ ಒಳಗ ಹೋಗ್ತೀವೇನು ಅಂತ ಕೇಳ್ತಾರ. ಒಳ್ಳೆ ಪ್ರಶ್ನಿ. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು, ಅದಕ್ಕ 2018ರಾಗ ತಿದ್ದುಪಡಿ ಬಂತು, ಈಗ ಕೊಡೋದೂ ಅಪರಾಧ. ಆದ್ರ ಒತ್ತಾಯಕ್ಕ ಕೊಟ್ಟವ್ರು 7 ದಿನದಾಗ ಪೊಲೀಸರಿಗಿ ಅಥವಾ ತನಿಖಾ ಸಂಸ್ಥೆಗಿ ತಿಳಿಸಿದ್ರ ಅಪರಾಧ ಅಲ್ಲ. ಮೊದ್ಲೇ ತಿಳ್ಸಿ ಟ್ರಾಪ್‌ಗೆ ಕೊಟ್ರಂತೂ ಪ್ರಶ್ನೇನೇ ಇಲ್ಲ. ಎಂಟನೇ ದಿನ ನೆನಪಾದ್ರ ನಾ ಏನೂ ಹೇಳ್ಲಾರೆ, ವಕೀಲರ ಕಡಿ ಹೋಗ್ರಿ. ತಗೊಂಡವ್ರಿಗಿ ಶಿಕ್ಷಾ 3 ವರ್ಷದಿಂದ 7 ವರ್ಷದ ತನ.

ಟ್ರಾಪ್ ಆದ ದಿನ ಟಿವಿಯವ್ರು ಬರ್ತಾರ, ಮರುದಿನ ಪೇಪರಿನಾಗ ಫೋಟೋ ಬರ್ತದ, ಆಮ್ಯಾಲ ವರ್ಷಗಟ್ಲೆ ಏನೂ ಇಲ್ಲ. ಕೋರ್ಟಿಗಿ ಹೋಗ್ಬೇಕಂದ್ರ ಆ ನೌಕರನ ಮ್ಯಾಲಿನವ್ರು ಅನುಮತಿ ಕೊಡ್ಬೇಕು, ಕಾಯ್ದೆದಾಗ ಮೂರು ತಿಂಗಳು, ಬೇಕಂದ್ರ ಇನ್ನೊಂದು ತಿಂಗಳು ಅಂತ ಅದ. ನಿಮ್ ಸಾಕ್ಷಿ ಬರೋ ಹೊತ್ತಿಗಿ ಆತನ ಮಾವ, ನಿಮ್ ಊರ ಗೌಡ್ರು, ಜಾತಿ ಮುಖಂಡ್ರು ಎಲ್ಲಾರೂ ಮನಿಗಿ ಚಾ ಕುಡೀಲಕ್ಕ ಬಂದು ಹೋಗಿರ್ತಾರ, "ಹೆಣ್ಮಕ್ಕಳ ಲಗ್ನ ಅದ, ಬಿಡ್ರಿ ಪಾಪ". ಅಲ್ಲೇ ಭಾಳ ಕೇಸ್ ಸಾಯ್ತಾವ, ದೂರುದಾರ ಕಟಕಟೆದಾಗ ನಿಂತು "ನನಗ ನೆನಪಿಲ್ರಿ" ಅಂತಾನ. 2022ರ ಡಿಸೆಂಬರ್ 15ಕ್ಕ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ನೀರಜ್ ದತ್ತಾ ಕೇಸಿನಾಗ ಒಂದು ಮುಖ್ಯ ಮಾತು ಹೇಳ್ತು, ದೂರುದಾರ ತಿರುಗಿ ಬಿದ್ರೂ ಸತ್ರೂ ಬ್ಯಾರೆ ಸಾಕ್ಷಿ, ಸಂದರ್ಭದ ಸಾಕ್ಷಿ ಮ್ಯಾಲ ಡಿಮಾಂಡ್ ಸಾಬೀತು ಮಾಡಬಹುದು ಅಂತ. ಹಂಗಂತ ನೀವು ತಿರುಗಿ ಬೀಳ್ರಿ ಅಂತಲ್ಲ. ಟ್ರಾಪ್‌ಗೆ ಇಟ್ಟ ರೊಕ್ಕ ಸಾಕ್ಷಿ ಅಂತ ಜಪ್ತಿ ಆಗ್ತದ, ಅದನ್ನ ಹೆಂಗ ವಾಪಸ್ ಪಡೀಬೇಕು ಅಂತ ಅದೇ ದಿನ ತನಿಖಾಧಿಕಾರಿ ಕಡಿ ಕೇಳಿ ಬರ್ಕೊಳ್ರಿ. ಇನ್ನೊಂದು, ನಿಮ್ ಮೂಲ ಕೆಲಸ. ಸಾಹೇಬ ಸಸ್ಪೆಂಡ್ ಆದ ಮ್ಯಾಲ ನಿಮ್ ಫೈಲ್ ಯಾರೂ ಮುಟ್ಟಂಗಿಲ್ಲ, ಕರೆಂಟ್ ತಂತಿ ಮುಟ್ಟಿದಂಗ ಅಂಜ್ತಾರ. ಅದಕ್ಕೇ ಆ ಸಕಾಲದ ಸ್ಲಿಪ್ ಮೊದ್ಲೇ ಇರ್ಬೇಕು ಅನ್ನೋದು.

ಇನ್ನ ಊರಿನ ರೊಕ್ಕ ತಿಂದದ್ದು. ನಮ್ ಭಾಗಕ್ಕ ಇದು ಸಣ್ಣ ಮಾತಲ್ಲ. ಸಂವಿಧಾನದಾಗ ನಮ್ ಭಾಗಕ್ಕ ವಿಶೇಷ ಸ್ಥಾನ ಕೊಡೋ 371ಜೆ ಬಂದ ಮ್ಯಾಲ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಿ ರೊಕ್ಕ ಹೆಚ್ಚಾಗ್ಕೋತ ಬಂತು, 2023-24ರ ಬಜೆಟ್‌ನಾಗ 5000 ಕೋಟಿ ಅಂತ ಘೋಷಣಾ ಆತು. ಹಿಂದುಳಿದೀವಿ ಅಂತ ಹೋರಾಡಿ ತಂದ ರೊಕ್ಕ ಅದು, ಅದ್ರಾಗಿನ ಒಂದು ಸಿಸಿ ರೋಡ್ ಒಂದೇ ಮಳಿಗಾಲಕ್ಕ ಕಿತ್ತು ಬಂದ್ರ ಹೊಟ್ಟಿ ಉರೀತದ. ಆದ್ರ ಹೊಟ್ಟಿ ಉರೀನ ದೂರಿನಾಗ ಬರ್ದ್ರ ಉಪಯೋಗಿಲ್ಲ. "ಕಳಪೆ ಕಾಮಗಾರಿ" ಅನ್ನೋ ಎರಡು ಶಬ್ದ ಓದಿ ಓದಿ ಅಧಿಕಾರಿಗಳ ಕಣ್ಣು ಮಂಜಾಗ್ಯಾವ. ಮೊದ್ಲ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಕಾಗದ ತಗೋರಿ.

ಕರ್ನಾಟಕದಾಗ ಫೀ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೀತದ, ಆನ್‌ಲೈನ್‌ನಾಗೂ ಹಾಕಬಹುದು, ಝೆರಾಕ್ಸಿಗಿ ಪೇಜಿಗಿ 2 ರೂಪಾಯಿ. ನಮ್ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗ. ಈ ಒಂದು ಕಾರಣಕ್ಕೇ ಎಷ್ಟೋ ಅರ್ಜಿ ವಾಪಸ್ ಬರ್ತಾವ, ಹದಿನೆಂಟು ವಿಷಯ ಒಂದ್ರಾಗೇ ತುಂಬಿ ಕಳ್ಸ್ತಾರ. ಯಾಕ ಹಿಂಗ ಮಾಡಿದ್ರಿ ಅಂತ ಕೇಳಬ್ಯಾಡ್ರಿ, "ಯಾಕ" ಅನ್ನೋದು ಮಾಹಿತಿ ಅಲ್ಲ. ಕಾಗದದ ಹೆಸರು ಹಿಡ್ದು ಕೇಳ್ರಿ: ಇಂಥ ಊರಿನ ಇಂಥವ್ರ ಮನಿಯಿಂದ ಇಂಥ ಗುಡಿ ತನಕದ ರೋಡಿನ ಎಸ್ಟಿಮೇಟ್, ವರ್ಕ್ ಆರ್ಡರ್, ಎಂ.ಬಿ. ಪುಸ್ತಕದ ಆ ಪುಟಗಳು, ಬಿಲ್ಲು, ಗುಣಮಟ್ಟ ತಪಾಸಣೆ ವರದಿ, ಇವುಗಳ ದೃಢೀಕೃತ ನಕಲು. ಎಂ.ಬಿ. ಅಂದ್ರ ಅಳತಿ ಪುಸ್ತಕ, ಎಂಜಿನಿಯರ್ ಎಷ್ಟು ಉದ್ದ ಎಷ್ಟು ದಪ್ಪ ಅಂತ ಬರ್ದು ಸಹಿ ಮಾಡೋದು, ಖರೆ ಜೀವ ಇರೋದು ಅದ್ರಾಗೇ. ಭಾಳ ಮಂದಿಗೆ ಗೊತ್ತಿಲ್ಲ, ಆರ್‌ಟಿಐ ಕಾಯ್ದೆದಾಗ ಬರೇ ಕಾಗದ ಅಲ್ಲ, ಕಾಮಗಾರಿ ಪರಿಶೀಲನೆ ಮಾಡೋದು, ವಸ್ತುವಿನ ದೃಢೀಕೃತ ಮಾದರಿ ತಗೊಳ್ಳೋದು ಕೂಡ ಹಕ್ಕು, ಅಂದ್ರ ಆ ರೋಡಿನ ಕಾಂಕ್ರೀಟ್ ಸ್ಯಾಂಪಲ್ ಕೇಳಬಹುದು.

30 ದಿನದಾಗ ಉತ್ತರ ಬರ್ಲಿಲ್ಲ ಅಂದ್ರ ಮುಂದಿನ 30 ದಿನದಾಗ ಮೊದಲ ಮೇಲ್ಮನವಿ, ಅದೂ ಆಗ್ಲಿಲ್ಲಂದ್ರ 90 ದಿನದಾಗ ಎರಡನೇ ಮೇಲ್ಮನವಿ ಮಾಹಿತಿ ಆಯೋಗಕ್ಕ. ಆಯೋಗದ ಪೀಠ ಕಲಬುರಗಿದಾಗೇ ಅದ. ತಪ್ಪು ಸಾಬೀತಾದ್ರ ಅಧಿಕಾರಿಗೆ ದಿನಕ್ಕ 250, ಹೆಚ್ಚಂದ್ರ 25,000 ದಂಡ. ಆದ್ರ ಒಂದು ಮಾತು ನೆಟ್ಟಗ ಹೇಳ್ತೀನಿ, ಬೈಯ್ಯಬ್ಯಾಡ್ರಿ, ನಮ್ ಕಡಿ ಆರ್‌ಟಿಐ ಹಾಕಿ ಕಾಗದ ತಗೊಂಡು, ಅದೇ ಕಾಗದ ತೋರ್ಸಿ ಗುತ್ತಿಗೆದಾರನ ಕಡಿ ರೊಕ್ಕ ಎಳಿಯೋ ಮಂದಿನೂ ಅದಾರ. ಅವ್ರಿಂದಾಗೇ ಆಫೀಸಿಗಿ ಹೋದ ಸಾದಾ ಮನುಷ್ಯಾಗೂ "ಬಂದ ನೋಡು ಇನ್ನೊಬ್ಬ" ಅನ್ನೋ ನೋಟ ಸಿಗ್ತದ.

ಕಾಗದ ಕೈಗಿ ಬಂದ ಮ್ಯಾಲ ಟೇಪ್ ಹಿಡ್ಕೊಂಡು ರೋಡಿಗಿ ಹೋಗ್ರಿ. ಪುಸ್ತಕದಾಗ 200 ಮೀಟರ್, ನೆಲದ ಮ್ಯಾಲ 140 ಅಂದ್ರ ನಿಮ್ ದೂರು ಒಂದೇ ಸಾಲಿನಾಗ ಮುಗೀತು. ಕಾಗದ ಏನ್ ಮಾಡಬಲ್ಲದು ಅನ್ನೋದಕ್ಕ ನಮ್ ಕಲಬುರಗಿನೇ ಸಾಕ್ಷಿ. 2021ರ ಅಕ್ಟೋಬರ್ 3ಕ್ಕ 545 ಪಿಎಸ್‌ಐ ಹುದ್ದೆಗೆ ಪರೀಕ್ಷಾ ಆಯ್ತಲ್ಲ, ಅಕ್ರಮ ಆಗೇದ ಅಂತ ಎಷ್ಟೋ ಮಂದಿ ಒದರಿದ್ರು, ಯಾರೂ ಕೇಳ್ಲಿಲ್ಲ. ಕಡೀಗಿ ಇಲ್ಲಿನ ಸೆಂಟರಿನಾಗ ಬರ್ದ ಅಭ್ಯರ್ಥಿಯೊಬ್ಬನ ಒಎಂಆರ್ ಶೀಟ್ (ಉತ್ತರದ ಗುಂಡಿ ತುಂಬೋ ಹಾಳಿ) ಹೊರಗ ಬಂತು, ಬರ್ದದ್ದು 21 ಪ್ರಶ್ನಿಗೆ, ತುಂಬಿದ್ದು ನೂರಕ್ಕ ನೂರು. ಆಮ್ಯಾಲ ಸಿಐಡಿ ಬಂತು, 2022ರ ಏಪ್ರಿಲ್‌ನಾಗ ಆ ಪರೀಕ್ಷಾನೇ ರದ್ದಾತು, ಜುಲೈದಾಗ ಎಡಿಜಿಪಿ ದರ್ಜೆಯ ಅಧಿಕಾರಿಯೂ ಅರೆಸ್ಟ್ ಆದ್ರು.

ದೂರು ಹಾಕೋದು ಲೋಕಾಯುಕ್ತಕ್ಕೇ, ಆದ್ರ ಇದು ಪೊಲೀಸ್ ಬಾಗ್ಲ ಅಲ್ಲ, ಇನ್ನೊಂದು ಬಾಗ್ಲ. ಲೋಕಾಯುಕ್ತ ಅಂದ್ರ ಒಂದೇ ಮನಿ, ಎರಡು ಬಾಗ್ಲ ಇದ್ದಂಗ: ಪೊಲೀಸ್ ವಿಭಾಗ ಕ್ರಿಮಿನಲ್ ಕೇಸ್ ಮಾಡ್ತದ, ವಿಚಾರಣಾ ವಿಭಾಗ 1984ರ ಕಾಯ್ದೆ ಪ್ರಕಾರ ವಿಚಾರಣೆ ಮಾಡಿ ಸರ್ಕಾರಕ್ಕ ಶಿಫಾರಸು ಮಾಡ್ತದ. ವಿಚಾರಣಾ ವಿಭಾಗಕ್ಕ ನಮೂನೆ 1ರಾಗ ದೂರು, ನಮೂನೆ 2ರಾಗ ಪ್ರಮಾಣಪತ್ರ, ನೋಟರಿ ಮುಂದ ಸಹಿ ಮಾಡಿ ಬೆಂಗಳೂರಿನ ಬಹುಮಹಡಿ ಕಟ್ಟಡದ ಆಫೀಸಿಗಿ ಸ್ಪೀಡ್ ಪೋಸ್ಟ್ ಮಾಡ್ರಿ. ಆರೋಪ ಇದ್ರ ಘಟನೆ ಆಗಿ 5 ವರ್ಷದೊಳಗ, ಬರೇ ಕುಂದುಕೊರತೆ ಇದ್ರ ಗೊತ್ತಾದ 6 ತಿಂಗಳೊಳಗ. ಬೇಕಂತ ಸುಳ್ಳು ದೂರು ಕೊಟ್ರ 6 ತಿಂಗಳಿಂದ 3 ವರ್ಷ ಜೈಲು ಅಂತ ಅದೇ ಕಾಯ್ದೆದಾಗ ಅದ, ಅದಕ್ಕ ಕೇಳಿದ್ದು ಬಿಟ್ಟು ಕಂಡದ್ದು, ಕಾಗದದಾಗ ಇದ್ದದ್ದು ಅಷ್ಟೇ ಬರೀರಿ. ಮಂತ್ರಿ, ಕಾರ್ಯದರ್ಶಿ ಮಟ್ಟದವ್ರದ್ದು ಲೋಕಾಯುಕ್ತರು ನೋಡ್ತಾರ, ಪಿಡಿಒ, ಎಂಜಿನಿಯರ್, ತಹಶೀಲ್ದಾರ್ ಇಂಥವ್ರದ್ದು ಉಪಲೋಕಾಯುಕ್ತರ ಕಡಿ ಹೋಗ್ತದ.

ಶಿಫಾರಸು ಅಂದ್ರ ಶಿಫಾರಸೇ, ಆರ್ಡರ್ ಅಲ್ಲ. ವರದಿ ಬಂದ ಮೂರು ತಿಂಗಳೊಳಗ ಏನ್ ಮಾಡಿದ್ರಿ ಅಂತ ಸರ್ಕಾರ ಹೇಳ್ಬೇಕು, ಮಾಡೋದು ಬಿಡೋದು ಅವ್ರ ಕೈಯಾಗ. ಹಲ್ಲಿಲ್ದ ಹಾವು ಅಂತ ಬೈತಾರ, ಪೂರ್ತಿ ಸುಳ್ಳಲ್ಲ, ಪೂರ್ತಿ ಖರೇನೂ ಅಲ್ಲ. 2011ರಾಗ ಸಂತೋಷ್ ಹೆಗ್ಡೆ ಅವ್ರ ಗಣಿ ವರದಿನೂ ಬರೇ ವರದಿನೇ ಆಗಿತ್ತು, ಅದು ಬಂದ ಮ್ಯಾಲ ಯಡಿಯೂರಪ್ಪ ಅವ್ರು ಮುಖ್ಯಮಂತ್ರಿ ಕುರ್ಚಿ ಬಿಡ್ಬೇಕಾತು. ಊರ ಮಟ್ಟದಾಗ ಇನ್ನೊಂದು ಸೋವಿ ಹಾದಿ ಅದ, ಪಂಚಾಯ್ತಿ ಜಮಾಬಂದಿ. ವರ್ಷಕ್ಕೊಮ್ಮೆ ಲೆಕ್ಕದ ಪುಸ್ತಕ ಊರ ಮುಂದ ಬಿಚ್ಚಿ ತೋರಿಸ್ಬೇಕು, ಕಾಮಗಾರಿ ನೋಡ್ಬೇಕು. ಅವತ್ತು ಯಾರೂ ಹೋಗಂಗಿಲ್ಲ, ಹೋದ್ರೂ ಫೋಟೋಕ್ಕ ನಿಂತು ಬರ್ತಾರ.

ರೈಲ್ವೆ, ಪೋಸ್ಟ್ ಆಫೀಸು, ಸರ್ಕಾರಿ ಬ್ಯಾಂಕು, ಕೇಂದ್ರದ ಸಂಸ್ಥೆ ಇವೆಲ್ಲಾ ಲೋಕಾಯುಕ್ತಕ್ಕ ಬರಂಗಿಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥದ್ದೂ ಅಷ್ಟೇ. ಅಲ್ಲಿ ರೊಕ್ಕ ಕೇಳಿದ್ರ ಸಿಬಿಐ. ನೀವು ಅದೇ ಆಫೀಸಿನ ಒಳಗಿನವ್ರಾಗಿದ್ದು ಹೆಸರು ಹೊರಗ ಬರಬಾರ್ದು ಅಂದ್ರ ಕೇಂದ್ರ ಜಾಗೃತ ಆಯೋಗಕ್ಕ 2004ರ ಪಿಐಡಿಪಿಐ ನಿರ್ಣಯದ (ಒಳಗಿನ ಭ್ರಷ್ಟಾಚಾರ ಹೇಳಿದವ್ರಿಗಿ ರಕ್ಷಣಾ ಕೊಡೋದು) ಪ್ರಕಾರ ಬರೀಬಹುದು, ಮುಚ್ಚಿದ ಲಕೋಟೆ ಮ್ಯಾಲ ಪಿಐಡಿಪಿಐ ಅಂತ ಬರ್ದು, ಒಳಗ ನಿಮ್ ಹೆಸರು ವಿಳಾಸ ಇಟ್ಟು. ಹೆಸರಿಲ್ಲದ ಕಾಗದ ತಗೊಳ್ಳಂಗಿಲ್ಲ, ಹೆಸರು ಗುಟ್ಟಾಗಿ ಇಡ್ತಾರ ಅಷ್ಟೇ.

ಯಾವ ಬಾಗ್ಲ ಬಡೀರಿ, ಒಂದು ಹಳೇ ನೋಟ್‌ಬುಕ್ ಇಡ್ರಿ. ಯಾವತ್ತು ಹೋದೆ, ಯಾರು ಏನಂದ್ರು, ಎಷ್ಟೊತ್ತಿಗಿ, ಯಾರು ಜೋಡಿ ಇದ್ರು. ಸ್ವೀಕೃತಿ ಸೀಲ್ ಇಲ್ದೆ ಯಾವ ಕಾಗದನೂ ಕೊಟ್ಟು ಬರಬ್ಯಾಡ್ರಿ, ಸೀಲ್ ಹಾಕಂಗಿಲ್ಲ ಅಂದ್ರ ಅಲ್ಲೇ ವಾದ ಮಾಡ್ದೆ ಹೊರಗ ಬಂದು ಸ್ಪೀಡ್ ಪೋಸ್ಟ್ ಮಾಡ್ರಿ, ಆ ರಸೀದಿನೇ ಸೀಲು.

ನಮ್ ಹೊಲದ್ದು ಏನಾತು ಅಂತ ಕೇಳ್ತೀರಿ. ಕಾಕಾ ಹೇಳಿದಂಗ ಹೊಸ ಅರ್ಜಿ ಹಾಕಿ ಸಕಾಲ ಸ್ಲಿಪ್ ತಗೊಂಡೆ, ದಿನ ದಾಟಿದ ಮರುದಿನ ಅಪೀಲ್ ಹಾಕ್ದೆ, ಅದಾದ ಹನ್ನೊಂದನೇ ದಿನಕ್ಕ ಪಹಣಿದಾಗ ಅವ್ವನ ಹೆಸರು ಬಂತು. ಒಂದು ರೂಪಾಯಿ ವಜನ ಇಟ್ಟಿಲ್ಲ. ಆದ್ರ ಶರಣಮ್ಮ ಅನ್ನೋದು ಶರಣಪ್ಪ ಅಂತ ಬಿದ್ದದ. ಸೋಮವಾರ ತಿದ್ದುಪಡಿ ಅರ್ಜಿ ಕೊಟ್ಟು ಬಂದೀನಿ, ಸ್ಲಿಪ್ ಜೇಬಿನಾಗೇ ಅದ.